ಬೆರಳು ಕೂತಷ್ಟು ಹೊತ್ತು

ಬಯಲಾಟದ ಪೇಟಿಯ, ಎಂದರೆ ಹಾರ್ಮೋನಿಯಂನ, ಮನೆಯನ್ನು ಎಷ್ಟು ಜೋರಾಗಿ ಒತ್ತಿದರೂ ದನಿ ಜೋರಾಗುವುದಿಲ್ಲ. ಜೋರು ಬರುವುದು ತಿದಿಯ ಗಾಳಿಯಿಂದ. ಬೆರಳಿಗೆ ಅಲ್ಲಿ ಬೇರೆಯದೇ ಕೆಲಸ: ಯಾವಾಗ ಇಳಿಯಬೇಕು, ಎಷ್ಟು ಹೊತ್ತು ಕೂರಬೇಕು, ಪಕ್ಕದ ಬೆರಳು ಇಳಿಯುವ ಮೊದಲೇ ಏಳಬೇಕೋ ಇಳಿದ ಮೇಲೆ ಏಳಬೇಕೋ. ಪಿಯಾನೋ ಹಾಗಲ್ಲ, ಅದಕ್ಕೆ ಹೊಡೆತದ ಬಿರುಸು ತಿಳಿಯುತ್ತದೆ. ಹಳೆಯ ಟೈಪ್‌ರೈಟರೂ ಪಿಯಾನೋದ ಜಾತಿಯದೇ. ಕಿರುಬೆರಳಿಗೆ ಬಂದ ಅಕ್ಷರ ಕಾಗದದ ಮೇಲೆ ತೆಳ್ಳಗೆ ಮೂಡಿ, ತೋರುಬೆರಳಿನದು ಕಪ್ಪಗೆ ಕಚ್ಚಿಕೊಳ್ಳುತ್ತಿದ್ದುದನ್ನು ಕೊಟ್ಟೂರು, ಕೂಡ್ಲಿಗಿಗಳ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಕಲಿತವರೆಲ್ಲ ಬಲ್ಲರು. ಧ್ವನಿ ಸಂಕಲನಕ್ಕೆಂದು ನನ್ನ ಮೇಜಿನ ಮೇಲೆ ಕೂತಿರುವ ಕೀಲಿಮಣೆ ಮಾತ್ರ ಪೇಟಿಯ ವಂಶದ್ದು. ಬಲ ಅದಕ್ಕೆ ಲೆಕ್ಕಕ್ಕಿಲ್ಲ. ಕಾಲವೊಂದೇ ಅದಕ್ಕೆ ಗೊತ್ತು.

ನನ್ನ ಕೆಲಸ ದನಿಗಳನ್ನು ಕತ್ತರಿಸಿ ಜೋಡಿಸುವುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಧ್ವನಿಮುದ್ರಿಸಿದ ಹಾಡು, ಕಥೆ, ಮಾತುಕತೆಗಳೇ ಅದರಲ್ಲಿ ಹೆಚ್ಚು. ಕಚೇರಿ ಕಾಗದಗಳಲ್ಲಿ ಈ ಸೀಮೆಯ ವಿಳಾಸ ಬದಲಾಗುತ್ತಲೇ ಬಂದಿದೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ಕರ ಜೊತೆ, ಹೊಸಪೇಟೆಯನ್ನೂ ಕೂಡಿಕೊಂಡು, ವಿಜಯನಗರ ಜಿಲ್ಲೆಯಾಯಿತು. ದನಿ ಮಾತ್ರ ಜಿಲ್ಲೆ ಬದಲಾಯಿಸಿಲ್ಲ. ಕಣ್ಣು ಮುಚ್ಚಿ ಹೆಡ್‌ಫೋನ್ ಹಾಕಿಕೊಂಡರೆ ತುಂಗಭದ್ರೆಯ ದಂಡೆಯ ಹಡಗಲಿಯ ಮಾತು ಯಾವುದು, ಗುಡೇಕೋಟೆಯ ಕಲ್ಲುಗುಡ್ಡಗಳ ಕಡೆಯ ಮಾತು ಯಾವುದು ಎಂದು ಈಗಲೂ ಹೇಳಬಹುದು.

ಪೇಟಿ ಮಾಸ್ತರರಿಂದಲೇ ಶುರುಮಾಡಿದ್ದಕ್ಕೆ ಕಾರಣವಿದೆ. ನಮ್ಮ ಕಡೆಯ ದೊಡ್ಡಾಟದಲ್ಲಿ ಪೇಟಿ ಮತ್ತು ಮದ್ದಳೆಯವರು ರಾತ್ರಿಯಿಡೀ ಕೂರುತ್ತಾರೆ. ಪಾತ್ರಧಾರಿ ದನಿ ಎಳೆದಷ್ಟು ಹೊತ್ತೂ ಮಾಸ್ತರರ ಬೆರಳು ಮನೆ ಬಿಡುವುದಿಲ್ಲ. ಹತ್ತಿರ ಕೂತು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಹೊಸ ಮನೆಯ ಮೇಲೆ ಬೆರಳು ಕೂತ ಮೇಲೆಯೇ ಹಳೆಯ ಮನೆಯ ಬೆರಳು ಏಳುತ್ತದೆ. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಎರಡೂ ಸ್ವರಗಳು ಕೂಡಿ ನುಡಿಯುತ್ತವೆ. ಕೇಳುವವರಿಗೆ ಅದು ಗೊತ್ತಾಗುವುದಿಲ್ಲ, ಅವರಿಗೆ ಕೇಳುವುದು ಒಂದರೊಳಗಿಂದ ಇನ್ನೊಂದು ಹುಟ್ಟಿದ ಹಾಗೆ. ಬೇಕೆಂದಾಗ ಅದೇ ಮಾಸ್ತರರು ಬೆರಳನ್ನು ಕುಕ್ಕಿ ಕುಕ್ಕಿ ತೆಗೆಯುತ್ತಾರೆ; ಆಗ ಸ್ವರಗಳ ನಡುವೆ ಗಾಳಿಯಾಡುತ್ತದೆ, ವೀರರಸಕ್ಕೆ ಅದು ಬೇಕು. ಎರಡು ತುಂಡು ದನಿಗಳನ್ನು ಜೋಡಿಸುವಾಗ ನಾವು ಮಾಡುವ ಕ್ರಾಸ್‌ಫೇಡ್ ಈ ಮೊದಲನೆಯ ಕೆಲಸವೇ. ಹತ್ತೋ ಹದಿನೈದೋ ಮಿಲಿಸೆಕೆಂಡು ಎರಡೂ ತುಂಡುಗಳು ಒಂದರ ಮೇಲೊಂದು ಹರಿಯಬೇಕು. ಹಾಗೆ ಹರಿಯದಿದ್ದರೆ ಸಂದಿನಲ್ಲಿ ಟಕ್ ಎನ್ನುತ್ತದೆ. ಇದನ್ನು ನನಗೆ ತಂತ್ರಾಂಶದ ಪುಸ್ತಕ ಕಲಿಸಿರಬಹುದು, ಅರ್ಥ ಮಾಡಿಸಿದ್ದು ಪೇಟಿ.

ಈ ಪೇಟಿಯನ್ನು ಆಕಾಶವಾಣಿ 1940ರ ಮಾರ್ಚ್ 1ರಿಂದ ತನ್ನ ಸ್ಟುಡಿಯೋಗಳಿಂದ ಹೊರಗಿಟ್ಟಿತ್ತು. ಅದರ ಮನೆಗಳು ಕಟ್ಟಿಟ್ಟ ಸ್ವರಗಳು, ಮೀಂಡ್ ಬರುವುದಿಲ್ಲ, ಗಮಕ ಬರುವುದಿಲ್ಲ ಎಂಬುದು ಆಕ್ಷೇಪ. ಸುಮಾರು ಮೂರು ದಶಕಗಳ ಕಾಲ ಅದು ಹೊರಗೇ ಇದ್ದು, 1971ರಲ್ಲಿ ಕಟ್ಟು ಒಂದಿಷ್ಟು ಸಡಿಲವಾಯಿತು. ಆ ಮೂರು ದಶಕಗಳಲ್ಲಿ ನಮ್ಮ ಹಳ್ಳಿಗಳ ಬಯಲಾಟದ ಅಟ್ಟದ ಮೇಲೆ ಪೇಟಿ ಒಂದು ರಾತ್ರಿಯೂ ಮೌನವಾಗಿರಲಿಲ್ಲ. ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬಾಳಿದ ಪಂಡಿತ್ ರಾಮಭಾವು ಬಿಜಾಪುರೆ ಅವರಂಥವರು ಆ ಕಟ್ಟಿಟ್ಟ ಮನೆಗಳಿಂದಲೇ ಗಾಯನದ ಜೀವ ತೆಗೆದರು. ಆಕ್ಷೇಪ ಸುಳ್ಳೆಂದು ನಾನು ಹೇಳಲಾರೆ. ಎರಡು ಸ್ವರಗಳ ನಡುವಿನ ಜಾರುದಾರಿ ಪೇಟಿಯಲ್ಲಿ ನಿಜವಾಗಿಯೂ ಇಲ್ಲ. ಇಲ್ಲದ ದಾರಿಯನ್ನು ಕಿವಿಗೆ ಕಾಣಿಸುವುದು ಬೆರಳಿನ ವಿದ್ಯೆ, ಮತ್ತು ಆ ವಿದ್ಯೆಯನ್ನು ಕೇಳಿಸಿಕೊಳ್ಳದೆ ಯಂತ್ರವನ್ನಷ್ಟೇ ತೂಗಿ ತೀರ್ಪು ಕೊಟ್ಟದ್ದು ಅನ್ಯಾಯವೇ.

ಎರಡು ಬೆರಳು ಕೂಡಿ ಒತ್ತುವುದನ್ನು ನಮ್ಮ ಮನೆಗಳಿಗೆ ಕಲಿಸಿದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಆ ಪುಟ್ಟ ಡಬ್ಬಿ ಎಂಬತ್ತರ ದಶಕದ ಹೊತ್ತಿಗೆ ಹರಪನಹಳ್ಳಿಯ ಸಂತೆಯಲ್ಲೂ ಸಿಗುತ್ತಿತ್ತು. ಹಾಡು ಕೇಳಲು ಒಂದು ಗುಂಡಿ ಸಾಕು. ದನಿ ತುಂಬಲು ಮಾತ್ರ ಕೆಂಪು ಗುಂಡಿ, ಪ್ಲೇ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಬೇಕು. ಯಾರೋ ಯೋಚನೆ ಮಾಡಿಯೇ ಹಾಗೆ ಮಾಡಿದ್ದರು: ದನಿ ತುಂಬುವುದೆಂದರೆ ಮೊದಲಿದ್ದ ದನಿಯನ್ನು ಅಳಿಸುವುದು, ಅಂಥ ಕೆಲಸ ಒಂದು ಬೆರಳು ಆಕಸ್ಮಿಕವಾಗಿ ತಾಗಿ ಆಗಬಾರದು. ಇನ್ನೂ ಭಯವಿದ್ದವರು ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಹಲ್ಲನ್ನು ಮುರಿದುಬಿಡುತ್ತಿದ್ದರು. ಆಮೇಲೆ ಕೆಂಪು ಗುಂಡಿ ಒತ್ತಿದರೂ ಕೆಳಗಿಳಿಯುತ್ತಿರಲಿಲ್ಲ. ತೀರಿಕೊಂಡ ತಂದೆಯ ಭಜನೆ, ಮಗಳ ಮದುವೆಯ ಸೋಬಾನೆ ಇದ್ದ ಕ್ಯಾಸೆಟ್ಟುಗಳೆಲ್ಲ ಹಲ್ಲು ಮುರಿದವು. ಅವುಗಳನ್ನು ಇಂದು ಕಂಪ್ಯೂಟರಿಗೆ ಇಳಿಸುವಾಗ ಆ ಮುರಿದ ಜಾಗವನ್ನು ನಾನು ಗೌರವದಿಂದ ನೋಡುತ್ತೇನೆ. ಮನೆಯವರು ಯಾವುದನ್ನು ಉಳಿಸಿಕೊಳ್ಳಬೇಕೆಂದುಕೊಂಡಿದ್ದರು ಎಂಬ ಪಟ್ಟಿ ಅಲ್ಲಿದೆ.

ರೇಡಿಯೋದ ಹಿರಿಯರು ಕೀಲಿ ಒತ್ತಿ ದನಿ ಕತ್ತರಿಸಿದವರಲ್ಲ, ಬ್ಲೇಡಿನಿಂದ ಕತ್ತರಿಸಿದವರು. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಶುರುವಾದದ್ದು. ನಮ್ಮ ತಾಲ್ಲೂಕುಗಳಲ್ಲಿ ಬಹಳ ಕಾಲ ಕಿವಿಗೊಟ್ಟದ್ದು ಆ ದನಿಗೆ. ರೇಡಿಯೋ ಕೇಂದ್ರಗಳ ಕಾಲಿಂಚು ಅಗಲದ ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ವೇಗದಲ್ಲಿ ಓಡುತ್ತಿತ್ತು. ಹಾಡುವವಳು ಉಸಿರೆಳೆದುಕೊಳ್ಳುವ ಅರ್ಧ ಸೆಕೆಂಡು ಎಂದರೆ ಒಂಬತ್ತೂವರೆ ಸೆಂಟಿಮೀಟರ್ ಟೇಪು, ಕೈಯಲ್ಲಿ ಹಿಡಿದು ನೋಡಬಹುದಾದಷ್ಟು. ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಅಚ್ಚಿನ ತೋಡಿನಲ್ಲಿ ಟೇಪನ್ನು ಕೂರಿಸಿ, ಓರೆಯಾಗಿ ಕೊಯ್ದು, ಅಂಟುಪಟ್ಟಿ ಹಚ್ಚಿ ಉಗುರಿನಿಂದ ಉಜ್ಜುತ್ತಿದ್ದರು. ಓರೆಯಾಗಿ ಏಕೆ ಎಂದರೆ ಮತ್ತೆ ಅದೇ ಮಾತು: ನೇರ ಕೊಯ್ದರೆ ದನಿ ಥಟ್ಟನೆ ಬದಲಾಗಿ ಟಕ್ ಎನ್ನುತ್ತದೆ, ಓರೆ ಕೊಯ್ದರೆ ಒಂದು ದನಿ ಇಳಿಯುತ್ತ ಇನ್ನೊಂದು ಏರುತ್ತದೆ. ಕೊಯ್ದ ತುಂಡನ್ನು ಕೂಡಲೇ ಬುಟ್ಟಿಗೆ ಹಾಕದೆ ಕೊರಳಿಗೆ ನೇತುಹಾಕಿಕೊಳ್ಳುವ ಅಭ್ಯಾಸ ಕೆಲವರಿಗಿತ್ತು. ಬೇಕೆನಿಸಿದರೆ ಮತ್ತೆ ಅಂಟಿಸಬಹುದಲ್ಲ. ಇಂದಿನ ಕಂಟ್ರೋಲ್ ಮತ್ತು ಝಡ್ ಆ ನೇತುಹಾಕಿದ ತುಂಡೇ.

ಈಗಿನ ಮೇಜಿಗೆ ಬರೋಣ. ಹೊಸದಾಗಿ ಕಲಿಯಲು ಬಂದವರು ಯಾವ ಕೀಲಿಗೆ ಯಾವ ಕೆಲಸ ಎಂದು ಬರೆದುಕೊಳ್ಳುತ್ತಾರೆ. ಒಂದೇ ಕೀಲಿ ಒತ್ತಿದ ಬಗೆಗೆ ತಕ್ಕಂತೆ ಬೇರೆ ಬೇರೆ ಕೆಲಸ ಮಾಡುತ್ತದೆ ಎಂಬುದು ತಿಳಿಯಲು ವಾರಗಳು ಹಿಡಿಯುತ್ತವೆ. ಹಲವು ಸಂಕಲನ ತಂತ್ರಾಂಶಗಳಲ್ಲಿ ಜೆ, ಕೆ, ಎಲ್ ಎಂಬ ಮೂರು ಅಕ್ಷರಗಳ ಮೇಲೆ ಬಲಗೈ ಕೂರುತ್ತದೆ. ಎಲ್ ಒಮ್ಮೆ ಒತ್ತಿದರೆ ದನಿ ಮುಂದಕ್ಕೆ ಹೋಗುತ್ತದೆ, ಮತ್ತೊಮ್ಮೆ ಒತ್ತಿದರೆ ಇಮ್ಮಡಿ ವೇಗ. ಜೆ ಹಿಂದಕ್ಕೆ ಓಡಿಸುತ್ತದೆ, ಕೆ ನಿಲ್ಲಿಸುತ್ತದೆ. ಕೆ ಮೇಲೆ ಬೆರಳನ್ನು ಹಾಗೇ ಇಟ್ಟು ಎಲ್ ಒತ್ತಿದರೆ ದನಿ ತೆವಳುತ್ತದೆ. ತಡೆಯುವ ಬೆರಳು, ನಡೆಸುವ ಬೆರಳು ಎರಡೂ ಕೂಡಿದಾಗ ಸಿಗುವ ಆ ತೆವಳಿಕೆಯಲ್ಲೇ ಒಂದು ಪದ ಎಲ್ಲಿ ಮುಗಿಯಿತು ಎಂಬುದು ಕಾಣುವುದು. ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಸಿ ಒತ್ತಿದರೆ ಆರಿಸಿದ ತುಂಡನ್ನು ಕತ್ತರಿಸದೆಯೇ, ಕತ್ತರಿಸಿದ್ದರೆ ಹೇಗಿರುತ್ತಿತ್ತೋ ಹಾಗೆ ಕೇಳಿಸುತ್ತದೆ. ನನಗೆ ಬಹಳ ಪ್ರಿಯವಾದ ಕೀಲಿ ಅದು. ತೆಗೆಯುವ ಮೊದಲು ಇಲ್ಲದ್ದನ್ನು ಕೇಳಿ ನೋಡುವ ಅವಕಾಶ ಬ್ಲೇಡಿನವರಿಗೆ ಇರಲಿಲ್ಲ.

ಪರದೆಯ ಮೇಲೆ ಮಾತು ಕಾಣುವುದು ನಾವು ಬರೆದಂತೆ ಅಲ್ಲ. ಪದಪದಕ್ಕೂ ನಡುವೆ ಜಾಗ ಬಿಡುವುದು ಕಾಗದದ ರೂಢಿ. ಬಾಯಿ ಬಿಡುವುದಿಲ್ಲ, ನಮ್ಮ ಸೀಮೆಯ ಬಾಯಿಯಂತೂ ಇನ್ನೂ ಬಿಡುವುದಿಲ್ಲ. ‘ಎಲ್ಲಿಗ್ಹೊಂಟಿ’, ‘ಏನಾಗೇತಿ’ ಎಂಬಲ್ಲಿ ಎರಡು ಪದಗಳ ನಡುವೆ ಬ್ಲೇಡು ಹೋಗಲು ಕೂದಲೆಳೆಯಷ್ಟೂ ಸಂದಿಲ್ಲ. ಆದರೆ ಸಂದು ಇರಬಾರದೆಂದು ನಾವು ಅಂದುಕೊಂಡ ಕಡೆ ಇದೆ. ‘ಅಪ್ಪ’, ‘ಅಕ್ಕ’, ‘ರೊಟ್ಟಿ’ ಎನ್ನುವಾಗ ತುಟಿಯೋ ನಾಲಗೆಯೋ ಗಾಳಿಯನ್ನು ಪೂರ್ತಿ ಕಟ್ಟಿಹಾಕುತ್ತದೆ. ಪದದ ನಟ್ಟನಡುವೆ ಒಂದು ಪುಟ್ಟ ಮೌನ ಹುಟ್ಟುತ್ತದೆ. ಆ ಮೌನವನ್ನು ಸ್ವಲ್ಪ ಮೊಟಕು ಮಾಡಿದರೆ ‘ಕತ್ತೆ’ ‘ಕತೆ’ಯಾಗಿಬಿಡುತ್ತದೆ. ಹಾಗಾಗಿ ಕನ್ನಡದ ದನಿ ಕತ್ತರಿಸುವವರು ಕಣ್ಣಿಗೆ ಕಾಣುವ ಖಾಲಿಯನ್ನು ನಂಬಬಾರದು, ಕಿವಿಯನ್ನು ನಂಬಬೇಕು. ಕತ್ತರಿಸಲು ಒಳ್ಳೆಯ ಜಾಗ ಪ, ಟ, ಕ ವರ್ಗದ ಅಕ್ಷರ ಸಿಡಿಯುವುದಕ್ಕೆ ಸ್ವಲ್ಪ ಮೊದಲು. ಅಲ್ಲಿ ಬಾಯಿಯೇ ನಮಗಾಗಿ ಒಂದು ಗಾಯವಾಗದ ಜಾಗ ಮಾಡಿಟ್ಟಿರುತ್ತದೆ.

ಹೊರಗೆ ಹೋಗಿ ದನಿ ಹಿಡಿಯುವಾಗಿನ ಒತ್ತುವಿಕೆ ಇನ್ನೊಂದು ಬಗೆ. ಕೈಯಲ್ಲಿ ಹಿಡಿಯುವ ರೆಕಾರ್ಡರುಗಳಲ್ಲಿ ಕೆಲವು ಹೀಗಿವೆ: ಕೆಂಪು ಗುಂಡಿಯನ್ನು ಒಮ್ಮೆ ಒತ್ತಿದರೆ ದೀಪ ಮಿಣುಕುತ್ತದೆ, ಯಂತ್ರ ಸಿದ್ಧವಾಗಿ ಕಾಯುತ್ತದೆ. ಎರಡನೆಯ ಸಲ ಒತ್ತಿದಾಗಲೇ ದನಿ ತುಂಬತೊಡಗುವುದು, ಆಗ ದೀಪ ಮಿಣುಕುವುದನ್ನು ಬಿಟ್ಟು ಒಂದೇ ಸಮನೆ ಉರಿಯುತ್ತದೆ. ಕಾಯುತ್ತಿರುವ ಹೊತ್ತಿನಲ್ಲಿ ಯಂತ್ರ ಸುಮ್ಮನಿರುವುದಿಲ್ಲ. ಆಗಷ್ಟೇ ಕಳೆದ ಒಂದೆರಡು ಸೆಕೆಂಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡೇ ಇರುವಂತೆ ಅದಕ್ಕೆ ಹೇಳಿಡಬಹುದು. ಆಮೇಲೆ ಒತ್ತಿದರೂ ಒತ್ತುವುದಕ್ಕೆ ಮೊದಲಿನ ದನಿ ಸಿಗುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ನೀರಾವರಿಗೆಂದು ಹಳ್ಳಿಯವರು ಕಟ್ಟಿಕೊಂಡ ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ನೀರಿನಲ್ಲಿ ನಿಂತ ಜಾಲಿ ಮರಗಳ ಮೇಲೆ ಹಕ್ಕಿಗಳ ಗೂಡು. ಅವು ನಮಗೆ ಹೇಳಿ ಕೂಗುವುದಿಲ್ಲ. ಕೂಗು ಕೇಳಿ ಬೆರಳು ಇಳಿಯುವಷ್ಟರಲ್ಲಿ ಕೂಗಿನ ಮೊದಲ ತುದಿ ಹೋಗಿರುತ್ತದೆ, ಆ ತುದಿಯಿಲ್ಲದೆ ಅದು ಯಾವ ಹಕ್ಕಿ ಎಂದು ಬಲ್ಲವರೂ ಹೇಳಲಾರರು.

ಆದರೆ ಇಡೀ ಸೀಮೆಯಲ್ಲಿ ಬೆರಳಿಗೆ ಅತಿ ದೊಡ್ಡ ಪರೀಕ್ಷೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ. ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಡೆಂಗನಮರಡಿಯಲ್ಲಿ ಸೇರುತ್ತಾರೆ. ಕರಿ ಕಂಬಳಿಯ ಗೊರವರು, ಡಮರುಗ, ಏಳುಕೋಟಿಯ ಘೋಷ, ಧೂಳು, ಎತ್ತಿನ ಗಾಡಿ, ಟ್ರ್ಯಾಕ್ಟರು. ಯಂತ್ರದ ಮುಳ್ಳು ಕೆಂಪು ಗೆರೆಯಿಂದ ಇಳಿಯುವುದೇ ಇಲ್ಲ. ಉಪವಾಸವಿದ್ದ ಕಾರ್ಣಿಕದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ತುದಿಗೆ ತಲುಪಿ ‘ಸದ್ದಲೇ’ ಎನ್ನುತ್ತಾನೆ. ಅಷ್ಟೂ ಜನ ಒಮ್ಮೆಲೇ ಸುಮ್ಮನಾಗುತ್ತಾರೆ. ಆಮೇಲೆ ಒಂದೇ ಒಂದು ಸಾಲು ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿನವರು ಕಂಬಳಿಯಲ್ಲಿ ಹಿಡಿಯುತ್ತಾರೆ, ಗದ್ದಲ ಮತ್ತೆ ಎದ್ದುಬಿಡುತ್ತದೆ. ಮಳೆ ಬಂದೀತೆ, ಬೆಳೆ ಆದೀತೆ, ರಾಜ್ಯದಲ್ಲಿ ಏನಾದೀತು ಎಂದು ಆ ಸಾಲಿನ ಅರ್ಥವನ್ನು ಜನ ವರ್ಷವಿಡೀ ಬಿಡಿಸುತ್ತಾರೆ.

ಆ ಧ್ವನಿಮುದ್ರಣವನ್ನು ಸಂಕಲಿಸುವವನಿಗೆ ಆಸೆ ಹುಟ್ಟುವುದು ನಡುವಿನ ಮೌನದ ಮೇಲೆ. ಕೇಳುಗರು ಬೇಸರ ಪಡುತ್ತಾರೆ, ರೇಡಿಯೋ ಕೆಟ್ಟಿತೆಂದುಕೊಳ್ಳುತ್ತಾರೆ, ತೆಗೆದುಬಿಡೋಣ ಎನಿಸುತ್ತದೆ. ಮೌನವನ್ನು ಹುಡುಕಿ ಹುಡುಕಿ ಮೊಟಕು ಮಾಡುವ ಆಜ್ಞೆ ಈಗ ಬಹುತೇಕ ತಂತ್ರಾಂಶಗಳಲ್ಲಿದೆ. ಅರ್ಧ ಸೆಕೆಂಡಿಗಿಂತ ಉದ್ದವಾದ ಪ್ರತಿ ಸುಮ್ಮನಿರುವಿಕೆಯನ್ನೂ ಒಂದೇ ಒತ್ತಿಗೆ ಕತ್ತರಿಸಿ ಗಂಟೆಯ ಮಾತನ್ನು ಐವತ್ತು ನಿಮಿಷಕ್ಕೆ ಇಳಿಸಿಕೊಡುತ್ತದೆ. ನಾನು ಆ ಆಜ್ಞೆಯ ಕಡು ವಿರೋಧಿ. ಮೈಲಾರದ ಆ ಮೌನ ಖಾಲಿಯಲ್ಲ, ಅದು ಲಕ್ಷ ಜನ ಕೂಡಿ ಮಾಡಿದ್ದು. ಹಡಗಲಿಯ ರೈತನೊಬ್ಬನಿಗೆ ಮಳೆಯ ಬಗ್ಗೆ ಪ್ರಶ್ನೆ ಕೇಳಿದರೆ ಅವನು ಉತ್ತರ ಶುರುಮಾಡುವ ಮೊದಲು ಒಂದು ಗಳಿಗೆ ಆಕಾಶದ ಕಡೆ ನೋಡುತ್ತಾನೆ. ಆ ಗಳಿಗೆ ಕತ್ತರಿಸಿದರೆ ಕೇಳುಗರಿಗೆ ಸಿಗುವುದು ಉತ್ತರ ಬಾಯಿಪಾಠ ಮಾಡಿಟ್ಟುಕೊಂಡ ಇನ್ನೊಬ್ಬ ಮನುಷ್ಯ. ದೇವದಾಸಿ ಪದ್ಧತಿಯ ಕಷ್ಟ ಉಂಡ ಹೆಂಗಸರು, ಜೋಗತಿಯರು ತಮ್ಮ ಕಥೆ ಹೇಳುವಾಗ ಚೌಡಿಕೆಯ ತಂತಿಯನ್ನು ಒಮ್ಮೆ ಮೀಟಿ ಸುಮ್ಮನಾಗುತ್ತಾರೆ. ಅಲ್ಲಿ ಬೆರಳಿಗೆ ಏನೂ ಕೆಲಸವಿಲ್ಲ. ಕೀಲಿಗಳಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳಬೇಕು.

ಹಿಡಿದಷ್ಟು ಹೊತ್ತು ಮಾತ್ರ ಕೆಲಸ ಮಾಡುವ ಗುಂಡಿಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಸ್ಟುಡಿಯೋದ ಗಾಜಿನ ಆಚೆಯವರ ಜೊತೆ ಮಾತಾಡಲು ಒಂದು ಗುಂಡಿ ಇರುತ್ತದೆ. ಒತ್ತಿ ಹಿಡಿದಿರುವವರೆಗೆ ನಮ್ಮ ದನಿ ಅವರ ಕಿವಿಗೆ, ಬಿಟ್ಟ ಕೂಡಲೇ ಇಲ್ಲ. ಉದ್ಘೋಷಕರ ಕೈಯಳತೆಯಲ್ಲಿ ಕೆಮ್ಮಿನ ಗುಂಡಿ ಇರುತ್ತದೆ. ಒತ್ತಿ ಹಿಡಿದರೆ ಮೈಕು ಮುಚ್ಚುತ್ತದೆ, ಕೆಮ್ಮಿ ಕೈ ಬಿಟ್ಟರೆ ಮತ್ತೆ ತೆರೆಯುತ್ತದೆ. ಒಮ್ಮೆ ಒತ್ತಿದರೆ ಹಾಗೇ ನಿಲ್ಲುವ ಗುಂಡಿಯನ್ನು ಆ ಜಾಗಕ್ಕೆ ಹಾಕಬಹುದಿತ್ತು. ಹಾಕಿದ್ದರೆ ಅದನ್ನು ಬಿಡಿಸಲು ಮರೆತವರ ಕಾರ್ಯಕ್ರಮ ಮೌನದಲ್ಲಿ ಹೋಗುತ್ತಿತ್ತು. ಮೈ ದಣಿದಾಗ ಬೆರಳು ತಾನಾಗಿ ಏಳುತ್ತದೆ ಎಂಬ ತಿಳಿವಳಿಕೆಯ ಮೇಲೆ ಕಟ್ಟಿದ ಯಂತ್ರ ಇದು, ಅದನ್ನು ಮಾಡಿದವರ ಮೇಲೆ ನನಗೆ ಪ್ರೀತಿ.

ಒತ್ತುವ ಬಗೆಗಳನ್ನು ನಾನು ನಿಜವಾಗಿ ಕಲಿತದ್ದು ಕಣ್ಣು ಕಾಣದ ಒಬ್ಬ ಗೆಳೆಯರಿಂದ. ಅವರು ಮೌಸನ್ನು ಮುಟ್ಟುವುದಿಲ್ಲ, ಪರದೆ ಅವರ ಪಾಲಿಗೆ ಇಲ್ಲ. ಒಂದು ಕಿವಿಯಲ್ಲಿ ಪರದೆ ಓದಿ ಹೇಳುವ ತಂತ್ರಾಂಶ, ಇನ್ನೊಂದು ಕಿವಿಯಲ್ಲಿ ಸಂಕಲಿಸುತ್ತಿರುವ ದನಿ. ಎನ್‌ವಿಡಿಎ ಎಂಬ ಆ ಉಚಿತ ತಂತ್ರಾಂಶವನ್ನು 2006ರಲ್ಲಿ ಶುರುಮಾಡಿದವರು ಆಸ್ಟ್ರೇಲಿಯದವರು, ಅವರೂ ಕಣ್ಣು ಕಾಣದವರೇ. ಕನ್ನಡವನ್ನೂ ಅದು ಓದುತ್ತದೆ. ಇನ್ಸರ್ಟ್ ಕೀಲಿ ಹಿಡಿದು ಟಿ ಒಮ್ಮೆ ಒತ್ತಿದರೆ ಮುಂದಿರುವ ಕಿಟಕಿಯ ಹೆಸರು ಹೇಳುತ್ತದೆ, ಬೇಗ ಬೇಗ ಎರಡು ಸಲ ಒತ್ತಿದರೆ ಅದನ್ನು ಅಕ್ಷರ ಅಕ್ಷರವಾಗಿ ಬಿಡಿಸುತ್ತದೆ, ಮೂರು ಸಲ ಒತ್ತಿದರೆ ನಕಲು ಮಾಡಿಕೊಳ್ಳುತ್ತದೆ. ಒಂದು, ಎರಡು, ಮೂರು ಎಂಬ ಎಣಿಕೆ ಅವರ ಬೆರಳಿನಲ್ಲಿ ತಾಳದ ಹಾಗೆ ಕೂತಿದೆ. ನಾವು ಅಲೆಯ ಚಿತ್ರ ನೋಡಿ ಉಸಿರು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಅವರು ಕೇಳಿ, ಗುರುತು ಹಾಕಿ, ಮುಂದೆ ಹೋಗಿರುತ್ತಾರೆ.

ನಮ್ಮ ಕಡೆಗೆ ಇದು ಹೊಸದೇನಲ್ಲ. ಹಡಗಲಿಯಿಂದ ಹೊಳೆ ದಾಟಿ ಮುಂಡರಗಿ ಹಾದು ಹೋದರೆ ಗದಗು. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದರು. ಗುರುಗಳಿಬ್ಬರೂ ಕಣ್ಣಿಲ್ಲದವರು. 1914ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡ ಪುಟ್ಟರಾಜರು ಪೇಟಿ ನುಡಿಸಿದರು, ಬ್ರೈಲಿನಲ್ಲಿ ಬರೆದರು, ನಾಟಕ ಕಂಪನಿ ನಡೆಸಿದರು. ಬ್ರೈಲ್ ಬರೆಯುವ ಯಂತ್ರಕ್ಕೆ ಚುಕ್ಕಿಯ ಕೀಲಿಗಳು ಆರೇ. ಒಂದನೆಯದನ್ನು ಮಾತ್ರ ಒತ್ತಿದರೆ ‘ಅ’, ಒಂದು ಮತ್ತು ಮೂರನ್ನು ಕೂಡಿಸಿ ಒತ್ತಿದರೆ ‘ಕ’. ಪೇಟಿಯಲ್ಲಿ ಸ್ವರ ಕೂಡಿಸುವ ಬೆರಳಿಗೆ ಇದು ನೆರೆಮನೆಯ ವಿದ್ಯೆ. ನನ್ನ ಗೆಳೆಯರ ಕೈಚಳಕವನ್ನು ನೋಡಿ ಬೆರಗಾಗುವವರಿಗೆ ನಾನು ಹೇಳುವುದು ಗದಗಿನ ಕಥೆಯನ್ನೇ. ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕೋಣೆಗಳಲ್ಲಿ ಕಣ್ಣು ಕಾಣದ ಮಕ್ಕಳಿಗೆ ಧ್ವನಿ ಸಂಕಲನ ಕಲಿಸಬೇಕು. ಅದಕ್ಕೆ ದುಬಾರಿ ಸಲಕರಣೆ ಏನೂ ಬೇಕಿಲ್ಲ, ಒಂದು ಕೀಲಿಮಣೆ, ಒಂದು ಹೆಡ್‌ಫೋನ್, ಮೊದಲ ತಿಂಗಳು ಪಕ್ಕದಲ್ಲಿ ಕೂರುವ ಒಬ್ಬ ತಾಳ್ಮೆಯ ಮನುಷ್ಯ ಇದ್ದರೆ ಆಯಿತು.

ಹರಪನಹಳ್ಳಿಯ ಕಡೆಯ ಒಬ್ಬ ಹುಡುಗಿ ಈಚೆಗೆ ಈ ಕೆಲಸ ಕಲಿಯಲು ಬರುತ್ತಿದ್ದಾಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಸೀಮೆಯಲ್ಲಿ ಬಾಳಿದ ಹರಪನಹಳ್ಳಿ ಭೀಮವ್ವನ ಹಾಡುಗಳನ್ನು ಬಲ್ಲ ಮುದುಕಿಯರು ಇನ್ನೂ ಇದ್ದಾರೆ, ಅವರ ದನಿ ಹಿಡಿದಿಡಬೇಕು ಎಂಬುದು ಅವಳ ಹಂಬಲ. ಮೊದಲ ಮುದ್ರಣ ತಂದಳು. “ಒತ್ತಿದಿಯೇನಬೇ?” ಎಂದು ಅಜ್ಜಿ ಕೇಳುತ್ತಾಳೆ, “ಒತ್ತೀನಿ ಯಮ್ಮಾ, ನೀ ಹಾಡು” ಎಂದು ಇವಳು ಹೇಳುತ್ತಾಳೆ, ಅಜ್ಜಿ ಗಂಟಲು ಸರಿಮಾಡಿಕೊಂಡು ಮತ್ತೆ ಸುಮ್ಮನಾಗಿ, ಯಾವ ಹಾಡೆಂದು ತನ್ನೊಳಗೇ ಹುಡುಕಿ, ಆಮೇಲೆ ದನಿ ತೆಗೆಯುತ್ತಾಳೆ. ಪ್ರತಿ ನುಡಿಯ ಪಲ್ಲವಿಯೂ ಪೂರ್ತಿ ಬರುತ್ತದೆ. ಒಂದು ಕಡೆ ನುಡಿ ಮರೆತು ಪಕ್ಕದ ಸೊಸೆಯನ್ನು ಕೇಳುತ್ತಾಳೆ, ಸೊಸೆ ಮೆಲ್ಲಗೆ ಹೇಳಿಕೊಡುತ್ತಾಳೆ.

ಅಷ್ಟನ್ನೂ ತೆಗೆದು ಐದು ನಿಮಿಷದ ಚೊಕ್ಕ ಹಾಡು ಮಾಡಬೇಕೆಂದು ಹುಡುಗಿ ಕೂತಿದ್ದಳು. ಪ್ರಸಾರಕ್ಕೆ ಅದು ಬೇಕು, ನಾನೂ ಒಪ್ಪಿದೆ. ಕೆ ಹಿಡಿದು ಎಲ್ ಒತ್ತುವುದನ್ನು ತೋರಿಸಿದೆ. ಪಲ್ಲವಿಯ ಮೊದಲಕ್ಷರ ಸಿಡಿಯುವ ಮುಂಚಿನ ಜಾಗವನ್ನು ಅವಳೇ ಹುಡುಕಿದಳು. ಸೊಸೆ ಹೇಳಿಕೊಡುವ ಜಾಗಕ್ಕೆ ಬಂದಾಗ ಸಿ ಒತ್ತಿ, ಅದಿಲ್ಲದೆ ಹೇಗಿರುತ್ತದೆಂದು ಕೇಳಿದಳು. ಮತ್ತೆ ಕೇಳಿದಳು. “ಅಣ್ಣಾ, ಹಾಡು ಚೊಲೋ ಆತು, ಆದ್ರ ಅಜ್ಜಿಗೆ ಹಾಡು ಬರ್ತಿತ್ತು ಅನ್ನೋದಷ್ಟ ಉಳೀತು. ಸೊಸಿಗೂ ಬರ್ತತಿ ಅನ್ನೋದು ಹೋತಲ್ಲ” ಎಂದಳು. ಅದನ್ನು ಉಳಿಸಿದೆವು. ಹಾಡು ಆರು ನಿಮಿಷದ ಮೇಲಾಯಿತು. ಕತ್ತರಿಸದ ಪೂರ್ತಿ ಮುದ್ರಣವನ್ನು ಬೇರೆ ಎರಡು ಕಡೆ ಇಟ್ಟಿದ್ದೇವೆ, ಊರು, ದಿನಾಂಕ, ಹಾಡಿದವರ ಹೆಸರು, ಹೇಳಿಕೊಟ್ಟ ಸೊಸೆಯ ಹೆಸರು ಬರೆದು. ಮುಂದಿನ ವಾರ ಆ ಸೊಸೆಯನ್ನೇ ಕೂರಿಸಿ ಹಾಡಿಸುತ್ತಾಳಂತೆ.